ಕೂಸಿನ ತೂಕ ಕೇಳದ ಮಧ್ಯಾಹ್ನ

ಕಾಕಾ,

ನೀವು ಕೆಲಸ ಮುಗಿಸಿ ಊರಿಗೆ ಹೋಗಿ ವರ್ಷವಾಯಿತು. ಈ ಕಾಗದ ಬರೆಯಲು ಇಷ್ಟು ದಿನ ಧೈರ್ಯ ಬರಲಿಲ್ಲ ಎಂದರೆ ಸುಳ್ಳು. ಮೊದಲು ಬರೆಯಲು ಕಾರಣವೇ ಇರಲಿಲ್ಲ. ಈಗ ಇದೆ.

ನೀವು ರಿಟೈರ್ ಆದ ದಿನ ನೆನಪಿದೆಯೇ? ಬಿಬವೇವಾಡಿಯ ನಮ್ಮ ಮಕ್ಕಳ ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ನಿಮಗೆ ಶಾಲು ಹೊದಿಸಿದೆವು. ಆಮೇಲೆ ನಾನು ಫೋನ್ ಕಿವಿಗಿಟ್ಟುಕೊಂಡು, ನಿಮ್ಮ ಧಾರವಾಡದ ಎಳೆತದ ಮರಾಠಿಯಲ್ಲಿ “ಡಾಕ್ಟರ್ ಸಾಹೇಬ, ಬಾಳಾಚ ವಜನ ಕಿತಿ ಹೋ?” ಎಂದು ಅಣಕಿಸಿದೆ. ಕೂಸಿನ ತೂಕ ಎಷ್ಟು ಎಂದು ಕೇಳದೆ ನೀವು ಒಂದು ಬಾಟಲಿಯನ್ನೂ ಕೊಟ್ಟವರಲ್ಲವಲ್ಲ! ಎಲ್ಲರೂ ನಕ್ಕರು, ನೀವೂ ನಕ್ಕಿರಿ. “ಬಸ್ಯಾ, ನಿನ್ನ ನಾಲಿಗಿ ಭಾಳ ಚುರುಕ ಅದ. ಬೇಕಾದಾಗ ಹೊರಳಿದ್ರ ಸಾಕು,” ಎಂದಿರಿ.

ದೌಂಡ ರೈಲಿನಲ್ಲಿ ಬಾಚಣಿಗೆ ಮಾರಿ ಫಾರ್ಮಸಿ ಓದಿದವನು ನಾನು, ನಾಲಿಗೆಯಿಂದಲೇ ಬದುಕಿದವನು. ಕಣ್ಣೂ ಕಡಿಮೆಯದಲ್ಲ. ಪೆಟ್ಟಿಗೆಯಲ್ಲಿ ಒಂದು ಸ್ಟ್ರಿಪ್ ಕಡಿಮೆಯಿದ್ದರೆ ಸಪ್ಲಾಯರ್ ನನ್ನೆದುರು ಬೆವರುತ್ತಾನೆ. ಅಂಥ ಕಣ್ಣಿಗೆ ಹೋದ ತಿಂಗಳು ಒಂದು ಚೀಟಿ ಬಿತ್ತು.

ಆ ಮಧ್ಯಾಹ್ನ ಅಣ್ಣ ತಂಗಿ ಇಬ್ಬರೂ ಜ್ವರದಿಂದ ದಾಖಲಾಗಿದ್ದರು. ಅಣ್ಣನಿಗೆ ಎಂಟು ವರ್ಷ, ತಂಗಿಗೆ ಎರಡು. ದೊಡ್ಡ ಡಾಕ್ಟರರು ಗಡಿಬಿಡಿಯಲ್ಲಿ ಅಣ್ಣನ ಡೋಸನ್ನೇ ತಂಗಿಯ ಚೀಟಿಗೂ ಬರೆದಿದ್ದರು. ಹೆಚ್ಚಾದರೆ ಕಿವಿ, ಮೂತ್ರಪಿಂಡ ಕೆಡಿಸುವ ಇಂಜೆಕ್ಷನ್. ತೂಕದ ಜಾಗ ಖಾಲಿ. ನಾನು ನೋಡಿದೆ, ಕಾಕಾ. ಕೈ ಫೋನಿನ ಮೇಲೂ ಹೋಯಿತು. ಆದರೆ ಹಿಂದಿನ ವಾರವಷ್ಟೇ ಅವರು ಎಲ್ಲರೆದುರು “ಡಾಕ್ಟರ್ ನೀನೋ ನಾನೋ?” ಎಂದು ನನ್ನನ್ನು ಝಾಡಿಸಿದ್ದರು. ಮತ್ತೆ ಯಾಕೆ ಬೈಸಿಕೊಳ್ಳುವುದು, ಮೇಲಿನ ವಾರ್ಡಿನಲ್ಲಿ ಸಿಸ್ಟರ್ ನೋಡಿಕೊಳ್ಳುತ್ತಾರೆ ಬಿಡು, ಎಂದು ಚೀಟಿಯಲ್ಲಿದ್ದಂತೆಯೇ ಔಷಧ ಕಳಿಸಿಬಿಟ್ಟೆ.

ಸಿಸ್ಟರ್ ನೋಡಿಕೊಂಡರು. ಸಿರಿಂಜಿಗೆ ತುಂಬುವಾಗ ಅನುಮಾನ ಬಂದು, ಕೂಸನ್ನು ತೂಗಿ, ಡಾಕ್ಟರರನ್ನು ಕರೆಸಿದರು. ಸೂಜಿ ಚುಚ್ಚಲಿಲ್ಲ. ಅವತ್ತು ಆ ಸಿಸ್ಟರಿಗೆ ರಜೆಯಿದ್ದಿದ್ದರೆ?

ಮರುದಿನ ಮೀಟಿಂಗಿನಲ್ಲಿ ಡಾಕ್ಟರರು ಎದ್ದು ನಿಂತು ತಪ್ಪು ತಮ್ಮದು ಎಂದರು. ಆಮೇಲೆ ನನ್ನತ್ತ ತಿರುಗಿದರು. “ನಜರ ಚುಕಲೀ,” ಅಂದೆ. ಕಣ್ಣು ತಪ್ಪಿತಂತೆ! ನನ್ನ ಕಣ್ಣು! ಎಲ್ಲರೂ ನಂಬಿದರು. ಇದೇನೂ ಗೊತ್ತಿಲ್ಲದ ಕೂಸಿನ ಅಪ್ಪ, ಮಕ್ಕಳು ಗುಣವಾದರೆಂದು ಕೌಂಟರಿಗೆ ಬಂದು ಕೈಮುಗಿದು ಪೇಢೆ ಕೊಟ್ಟರು. ತಿಂದೆ.

ಇವತ್ತು ಬೆಳಿಗ್ಗೆ ಡಾಕ್ಟರರ ಕೋಣೆಗೆ ಹೋಗಿ ನಿಜ ಹೇಳಿದೆ: “ನೋಡಿದ್ದೆ, ನಿಮಗೆ ಹೆದರಿ ಕೇಳಲಿಲ್ಲ.” ಅವರು ಕೈಯಲ್ಲಿದ್ದ ಪೇಪರ್‌ವೇಟ್ ಪಕ್ಕಕ್ಕಿಟ್ಟರು. “ಆ ಕಾಕಾಗೂ ನಾನು ಬೈಯುತ್ತಿದ್ದೆ,” ಎಂದರು ಮರಾಠಿಯಲ್ಲಿ. “ಆದರೂ ಅವರ ಫೋನ್ ಬರುತ್ತಿತ್ತು.” ಶುಕ್ರವಾರ ಕೂಸಿನ ಅಪ್ಪ ತಪಾಸಣೆಗೆ ಬರುತ್ತಾರೆ. ಇಬ್ಬರೂ ಕೂತು ಅವರಿಗೆ ಎಲ್ಲ ಹೇಳುತ್ತೇವೆ.

ಇವತ್ತೇ ಮಧ್ಯಾಹ್ನ ತೂಕ ಬರೆಯದ ಚೀಟಿಯೊಂದು ಬಂತು. ಅದೇ ಡಾಕ್ಟರರದು. ಫೋನ್ ಎತ್ತಿದೆ. “ಡಾಕ್ಟರ್ ಸಾಹೇಬ, ಬಾಳಾಚ ವಜನ ಕಿತಿ ಹೋ?” ಬಾಯಿಂದ ಬಂದದ್ದು ನಿಮ್ಮದೇ ಎಳೆತ. ಕೌಂಟರಿನಲ್ಲಿ ಯಾರೂ ನಗಲಿಲ್ಲ, ಕಾಕಾ.

ನಿಮ್ಮ
ಬಸ್ಯಾ