ಹೊಳೆಗೆ ಬಿಟ್ಟ ಕೆಂಪು ಜರ್ಸಿ

ಅವ್ವಂಗೆ, ಕೊಚ್ಚಿಯಿಂದ ಇಂದ್ರಾಣಿ ಬರೆಯೋದು. ಫೋನಲ್ಲಿ ಹೇಳಿದರೆ ಅರ್ಧಕ್ಕೇ ಕಟ್ ಮಾಡ್ತೀಯ, ಅದಕ್ಕೇ ಕಾರ್ಡು. ತಮ್ಮಾ ಸಿದ್ದು, ಅವ್ವಂಗೆ ಒಂದಕ್ಷರ ಬಿಡದೆ ಓದು ಕಣ್ಲಾ.

ಲ್ಯಾಬಲ್ಲಿ ನನ್ನ ಕೆಲಸ ಕಪ್ಪೆಚಿಪ್ಪಿನ ಮಾಂಸ ಕರಗಿಸೋದು. ಮಾಂಸ ಕರಗುತ್ತೆ, ಅದು ತಿಂದಿರೋ ಪ್ಲಾಸ್ಟಿಕ್ ಕರಗಲ್ಲ. ಈ ವಾರ ಇಲ್ಲಿನ ಹಿನ್ನೀರಿನ ಚಿಪ್ಪುಗಳ ಜೊತೆ ನಮ್ಮ ನರಸೀಪುರದ ಸಂಗಮದ ಚಿಪ್ಪೂ ಐಸ್ ಪೆಟ್ಟಿಗೇಲಿ ಬಂದಿದ್ವು. ಊರೋರೇ ಬಂದಂಗಾಯ್ತು. ಕರಗಿಸಿ, ಸೋಸಿ, ಮೈಕ್ರೋಸ್ಕೋಪಲ್ಲಿ ನೋಡಿದರೆ ಬರೀ ದಾರದ ಎಳೆಗಳು. ಕೆಂಪು, ನೀಲಿ, ಗಿಳಿಹಸಿರು. ಕಾದ ಸೂಜಿ ಮುಟ್ಟಿಸಿದೆ, ಪಾಲಿಸ್ಟರ್ ಸೀರೆಗೆ ಕಿಡಿ ತಾಕ್ದಂಗೆ ಮುದುರ್ಕೊಂಡ್ವು. ಇಷ್ಟು ಬಟ್ಟೆ ಹೊಳೆಗೆ ಹೆಂಗೆ ಬಂತು ಅಂತ ಮೇಡಂ ಕೇಳಿದ್ರು. ನಮ್ಮೂರಿಗಿಂತ ಮೇಲೆ, ಅದೇ ಹೊಳೆ ದಂಡೆ ನಂಜನಗೂಡಲ್ಲಿ ಮುಳುಗೆದ್ದೋರು ಶನಿ ತೊಲಗಲಿ ಅಂತ ತೊಟ್ಟಿದ್ದನ್ನ ಹೊಳೇಲೇ ಬಿಟ್ಟು ಬರ್ತಾರೆ ಅಂದೆ. ನಮ್ಮವ್ವಾನೂ ಬಿಟ್ಟವ್ಳೆ ಅಂತ ಹೇಳಲಿಲ್ಲ, ನಿನ್ನ ಮಾನ ಉಳಿಸಿದೀನಿ.

ಇಲ್ಲಿನ ದಪ್ಪಕ್ಕಿ ಅನ್ನಕ್ಕೆ ಹೊಟ್ಟೆ ಉಬ್ಬರಿಸ್ತದೆ, ಮಿಕ್ಕಂತೆ ಆರಾಮಾಗಿದ್ದೀನಿ.

ನನ್ನ ಮದುವೆ ತಡ ಆಗ್ತಿದೆ ಅಂತ ಈ ಅಮಾಸೆಗೆ ನನ್ನ ಚೂಡಿದಾರ ತಗೊಂಡು ನಂಜನಗೂಡಿಗೆ ಹೊರಟಿದ್ದೀಯಂತೆ. ಬೇಡ, ಅದರಲ್ಲಿ ನೆಲ ಒರೆಸ್ಕೊ. ನಂಗೆ ಶನಿ ಕಾಟ ಇಲ್ಲ, ಮದುವೆ ಮನಸ್ಸಿಲ್ಲ, ಅಷ್ಟೇ. ಹೋದ ವರ್ಷ ಸಿದ್ದು ಬೈಕಿಂದ ಬಿದ್ದಾಗ ಫ್ರೀ ಬಸ್ಸಲ್ಲಿ ಹೋಗಿ, ಅವನ ಕೆಂಪು ಜರ್ಸಿ ಜೊತೆ ಶನೀನೂ ಹೊಳೆಗೆ ಬಿಟ್ಟು ಬಂದ್ಯಲ್ಲ. ಆ ಶನೀನೂ ಫ್ರೀಯಾಗೇ ಹೊಳೆ ಹಿಡ್ಕೊಂಡು ನರಸೀಪುರಕ್ಕೆ ವಾಪಸ್ ಬಂದವ್ನೆ. ಭಾನುವಾರ ಭಾನುವಾರ ಚಿಪ್ಪಿನ ಸಾರು ಅಂತ ಸಿದ್ದೂಗೆ ಬಡಿಸ್ತಿದ್ದೀಯಲ್ಲ, ಅವನನ್ನೇ.

ಕಾರ್ಡಲ್ಲಿ ಜಾಗ ಇಲ್ಲ.
ಇಂದ್ರಾಣಿ