ಅಪ್ಪನಿಗಿಲ್ಲದ ಬಿಸಿ

ಜನವರಿ ೧೮, ಆಲ್ಟಾ

ಅಪ್ಪನ ಕೈ ಇನ್ನೂ ಬೆಚ್ಚಗಾಗಿಲ್ಲ. ಆಸ್ಪತ್ರೆಯಿಂದ ಕರೆತರುವಾಗ ನನ್ನ ಗಂಡ ಟೋರ್ಗೈರ್ ದಾರಿಯುದ್ದಕ್ಕೂ ಎಲೆಕ್ಟ್ರಿಕ್ ಕಾರಿನ ಹೀಟರ್ ಹಾಕಲೇ ಇಲ್ಲ.

"ಈ ಚಳಿಗೆ ಬ್ಯಾಟರಿ ಅರ್ಧಕ್ಕರ್ಧ ಇಳಿದುಬಿಡುತ್ತೆ ಮಾವ. ಹೀಟರ್ ಹಾಕಿದ್ರೆ ಮನೆ ಮುಟ್ಟಲ್ಲ. ಸ್ವಲ್ಪ ತಡ್ಕೊಳ್ಳಿ."

"ನನ್ನ ಹಳೇ ಡೀಸೆಲ್ ಗಾಡಿ ಹೊಗೆ ಉಗುಳ್ತಿತ್ತು. ಆದ್ರೆ ಬೆಚ್ಚಗಿಡ್ತಿತ್ತು ಕಣಪ್ಪ," ಅಂದರು ಅಪ್ಪ, ಕಂಬಳಿಯೊಳಗಿಂದ.

ದಾರಿಯಲ್ಲಿ ಚಾರ್ಜಿಂಗ್ ಸ್ಟೇಷನ್ ಇತ್ತು. ಅಲ್ಲಿ ನಿಂತರೆ, ಒಂದೇ ಚಾರ್ಜ್‌ನಲ್ಲಿ ಮನೆ ಮುಟ್ಟಿದೆ ಅಂತ ಪಕ್ಕದ ಮನೆ ಓಡ್‌ವಾರ್ ಮುಂದೆ ಕೊಚ್ಚಿಕೊಳ್ಳಲು ಏನಿರುತ್ತಿತ್ತು? ಮನೆ ಮುಟ್ಟಿದಾಗ ಇನ್ನೂ ಅರವತ್ತು ಕಿಲೋಮೀಟರ್ ಓಡುವಷ್ಟು ಬ್ಯಾಟರಿ ಮಿಕ್ಕಿತ್ತು. ಆ ಅಂಕಿಯ ಫೋಟೋ ಓಡ್‌ವಾರ್‌ಗೆ ಕಳಿಸಿದ ಮೇಲೇ ಅಪ್ಪನ ಕಡೆಯ ಬಾಗಿಲು ತೆರೆದ.

ಬೆಳಗ್ಗೆ ಸ್ಕೀಯಿಂಗ್‌ಗೆ ಹೊರಡುವ ಹೊತ್ತಿಗೆ ಸೀಟು ಬಿಸಿಯಾಗಿರಲಿ ಅಂತ ಕಾರನ್ನು ಗೋಡೆಯ ಪ್ಲಗ್‌ಗೆ ಸಿಕ್ಕಿಸಿ, ಟೈಮರ್ ಇಟ್ಟು ಮಲಗಿದ್ದಾನೆ.

ಈಗಷ್ಟೇ ಹೋಗಿ ಪ್ಲಗ್ ಕಿತ್ತು ಬಂದೆ. ಸ್ವಲ್ಪ ತಡ್ಕೊಳ್ಳಲಿ.