ಬಾರಾಕ್ಷಾರದ ಡಬ್ಬಿ

ನಿಪ್ಪಾಣಿ
9 ಡಿಸೆಂಬರ್ 1986, ಮಂಗಳವಾರ. ಮಧ್ಯಾಹ್ನ 3

ಬಸದಿ, ಅಭಿಷೇಕ, ಊಟ — ಎಲ್ಲ ವೇಳೆಗೆ ಸರಿಯಾಗಿ. ನಮ್ಮ ತಂಬಾಕಿನ ವಖಾರಿಗೆ ಕೆಲಸದ ಇಬ್ಬರು ಹೆಂಗಸರು ತಡವಾಗಿ ಬಂದರು. ಗೇಟು ಹಾಕಿಸಿದೆ. ನಾಳೆ ತಡವಾಗುವುದಿಲ್ಲ.

ಆಮೇಲೆ ಡಬ್ಬಿ ತೆಗೆದು ಕೂತೆ. ಬಾರಾಕ್ಷಾರ. ಹನ್ನೆರಡು ಬಾಟಲಿ, ಹನ್ನೆರಡು ಕ್ಷಾರ, ಎಲ್ಲದರಲ್ಲೂ ಒಂದೇ ಥರದ ಸಣ್ಣ ಬಿಳಿ ಗುಳಿಗೆ. ಮಾವನವರು ಕೊಲ್ಲಾಪುರದಿಂದ ತಂದುಕೊಟ್ಟದ್ದು. ಹೈಸ್ಕೂಲು ಕಲಿತ ಸೊಸೆ ನಾನೊಬ್ಬಳೇ, ಪುಸ್ತಕ ನೋಡಿ ಕೊಡಬಲ್ಲೆ ಎಂದು. ಕಸ ಗುಡಿಸುವ ಸತ್ತೆವ್ವನ ಮೊಮ್ಮಗುವಿಗೆ ಹಲ್ಲು ಬರುವ ಜ್ವರ. ನಾಲ್ಕು ಗುಳಿಗೆ ಕೊಟ್ಟೆ. ಮೂವತ್ತು ವರ್ಷದಲ್ಲಿ ನನ್ನ ಕೈಯ ಗುಳಿಗೆಯಿಂದ ಯಾರಿಗೂ ಕೆಟ್ಟದ್ದಾಗಿಲ್ಲ.

ಮಗ ಪಾರಿಸನ ಪತ್ರ. ಮಲಾವಿ ದೇಶ, ಲಿಂಬೆ ಊರು. ಅಲ್ಲಿಯೂ ತಂಬಾಕೇ. ಹರಾಜು ಕಟ್ಟೆಯಲ್ಲಿ ಎಲೆ ನೋಡಿ ದರ್ಜೆ ಹಚ್ಚುವ ಕೆಲಸ. ಮೂಗು ಅವರಪ್ಪನದು. ಸೊಸೆ ಚಂದ್ರಮತಿ ಮುಂಜಾನೆ ಶಾಲೆಯಲ್ಲಿ ಕಲಿಸುತ್ತಾಳೆ, ಸಂಜೆ ತಾನೇ ಕಾಲೇಜಿಗೆ ಹೋಗುತ್ತಾಳೆ, ಬಂದು ಮೆಕ್ಕೆಜೋಳದ ಹಿಟ್ಟಿನಲ್ಲಿ ರೊಟ್ಟಿ ಬಡಿಯುತ್ತಾಳೆ. ಪರೀಕ್ಷೆ ಬರುವ ನವೆಂಬರಿಗೆ. ಕೊನೆಯಲ್ಲಿ ಒಂದು ಸಾಲು — "ಎರಡು ವರ್ಷ ಮಕ್ಕಳು ಬೇಡ ಎಂದು ಪ್ಲ್ಯಾನಿಂಗ್ ಮಾಡಿದ್ದೇವೆ."

ಪ್ಲ್ಯಾನಿಂಗ್! ಹಿರಿಯಳೊಬ್ಬಳು ಬದುಕಿದ್ದಾಳೆ, ಅವಳನ್ನು ಒಂದು ಮಾತು ಕೇಳಬೇಕೆನಿಸಲಿಲ್ಲ.

ನಮ್ಮವರು ತೀರಿಕೊಂಡ ವರ್ಷ ಮುನಿ ಮಹಾರಾಜರ ಎದುರು ನೇಮ ತೆಗೆದುಕೊಂಡೆ. ಮೊಮ್ಮಗುವಿನ ಮುಖ ನೋಡುವವರೆಗೆ ಬೆಲ್ಲ-ಸಕ್ಕರೆ ಬಿಟ್ಟೆ. ಇದು ಏಳನೆಯ ವರ್ಷ.

ಹುಡುಗಿ ಕೆಟ್ಟವಳಲ್ಲ. ಆದರೆ ಮೆತ್ತಗೆ. ಮದುವೆಯಾಗಿ ಬಂದ ಹೊಸದರಲ್ಲಿ ಬಸದಿಯ ಮೆಟ್ಟಿಲು ಹತ್ತಿ ಕಂಬ ಹಿಡಿದು ನಿಂತಿದ್ದಳು. ತುಟಿ ಕಪ್ಪಿಟ್ಟಿತ್ತು. ಏನಾಯಿತೆಂದರೆ, "ಏನಿಲ್ರಿ ಅತ್ತಿ, ಸೀರಿ ತೊಡರಿತ್ರಿ." ಒಂದು ಹಡೆದರೆ ಗಟ್ಟಿಯಾಗುತ್ತಾಳೆ.

17 ಜನವರಿ 1987, ಶನಿವಾರ

ಬೀಗತಿ ಸುಂದ್ರವ್ವ ನಿನ್ನೆ ಅನಂತಪುರದಿಂದ ಬಂದು, ಉಳಿದು, ಇವತ್ತು ಮೊದಲ ಬಸ್ಸಿಗೆ ಹೋದಳು. ನಮ್ಮ ನೆರೆಮನೆಯ ಬಾಳಾಸಾಬ ಪಾರಿಸನ ಕಂಪನಿಯಲ್ಲೇ ಇರುವವ. ರಜೆ ಮುಗಿಯಿತು, ಬುಧವಾರ ಹೊರಡುತ್ತಾನೆ. ಅವನ ಕೈಯಲ್ಲಿ ಮಗಳಿಗೆ ಗಂಟು ಕಳಿಸಬೇಕಂತೆ. ಶೇಂಗಾ ಚಟ್ನಿ, ಹಪ್ಪಳ, ಎರಡು ಔಷಧಿ ಬಾಟಲಿ.

"ಶಕ್ತಿ ಗುಳಿಗಿ ಅದಾವ್ರಿ. ಆ ಊರಾಗ ಸಿಗೂದಿಲ್ಲಂತ. ಅಕಿ ಕೈಯಾಗs ಕೊಡಾಕ ಹೇಳ್ರಿ," ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಹತ್ತು ಗಂಟೆಗೆ ಸತ್ತೆವ್ವ ಅವಳು ಮಲಗಿದ್ದ ಕೋಣೆ ಗುಡಿಸಿ, ಗಾದಿಯ ಕೆಳಗೆ ಸಿಕ್ಕಿತೆಂದು ಕಾಗದದ ಉಂಡೆಯೊಂದನ್ನು ತಂದಳು. ಬಿಚ್ಚಿದರೆ ಬಹುಪಾಲು ಖಾಲಿಯಾದ ಗುಳಿಗೆಯ ಪಟ್ಟಿಗಳು. ಅವಳು ಸೆರಗು ಬಾಯಿಗಿಟ್ಟು ನಗುತ್ತಿದ್ದಳು.

"ಯಾಕ ಬೇ, ಹಲ್ಲ ಕಿಸಿತಿ?"

"ಇವು ನರ್ಸಬಾಯಿ ನನ್ನ ಸೊಸಿಗೆ ಕೊಡೂ ಗುಳಿಗಿರಿ ಅಕ್ಕಾರ. ಕೂಸ ನಿಲ್ಲಬಾರದಂತ. ಬಿಳಿವು ಇಪ್ಪತ್ತೊಂದ, ಕೆಂಪು ಏಳ. ಬಿಳಿವೆಲ್ಲಾ ಬಿಡಿಸ್ಯಾರ, ಕೆಂಪುವು ಹಂಗs ಅದಾವ ನೋಡ್ರಿ. ಈ ವಯಸ್ಸಿನ್ಯಾಗ ಬೀಗತಿಗೆ ಯಾಕ್ ಬೇಕಾದುವು?"

ಬೈದು ಕಳಿಸಿದೆ. ಗಂಟಿನಲ್ಲಿದ್ದ ಬಾಟಲಿಯ ಮುಚ್ಚಳ ತೆಗೆದು ನೋಡಿದೆ. ಸಣ್ಣ ಬಿಳಿ ಗುಳಿಗೆಗಳು. ನನ್ನ ಮನೆಯಲ್ಲಿ ಉಂಡು, ನನ್ನ ಗಾದಿಯ ಮೇಲೆ ಕೂತು, ನನ್ನ ವಂಶಕ್ಕೆ ಬಿರಡೆ ಹಾಕಿ ಹೋಗಿದ್ದಾಳೆ. ಮೇಲೆ ಶಕ್ತಿ ಗುಳಿಗೆಯಂತೆ.

18 ಜನವರಿ, ರವಿವಾರ. ಮಧ್ಯಾಹ್ನ

ಮಾಡಿದೆ.

ಎರಡೂ ಬಾಟಲಿ ಸುರಿದು, ಬಾರಾಕ್ಷಾರದ ಎರಡನೆಯ ನಂಬರ್ ತುಂಬಿದೆ. ಎಲುಬು ಗಟ್ಟಿಯಾಗಲು ಕೊಡುವುದು. ಬಸುರಿಗೂ ಒಳ್ಳೆಯದು ಎಂದು ಪುಸ್ತಕದಲ್ಲಿದೆ. ಗಾತ್ರ ಒಂದೇ. ರುಚಿ ತಾಳೆ ನೋಡಲು ಎರಡನ್ನೂ ನಾಲಿಗೆಯ ಮೇಲಿಟ್ಟೆ. ಎರಡೂ ಸಿಹಿ. ಔಷಧಿಗೆ ನೇಮ ಅಡ್ಡ ಬರುವುದಿಲ್ಲ.

ಅವಳ ಗುಳಿಗೆಗಳನ್ನು ಹಿತ್ತಲ ಬೂದಿಗುಂಡಿಯಲ್ಲಿ ಹೂತೆ. ಸುಳ್ಳು ಹೇಳಿಲ್ಲ. ಯಾರಾದರೂ ಕೇಳಿದರೆ ಹೇಳುತ್ತೇನೆ.

21 ಜನವರಿ, ಬುಧವಾರ

ಬಾಳಾಸಾಬ ಹೊರಟ. ಗಂಟು ಎತ್ತಿ ನೋಡಿ, "ಕಾಕೂ, ಇಷ್ಟ ಚಟ್ನಿ ಒಯ್ದರ ವಿಮಾನದಾಗಿನ ಮಂದಿ ಎಲ್ಲಾ ಸೀನ್ಕೋತ ಕುಂಡ್ರತಾರ್ರಿ," ಎಂದ. ಎಲ್ಲರೂ ನಕ್ಕರು.

"ಚಂದ್ರಾ ವೈನಿಗೆ ಏನರ ಹೇಳೂದೈತೇನ್ರಿ?"

"ಗುಳಿಗಿ ತಪ್ಪದ ತಗೊ ಅಂತ ಹೇಳು," ಎಂದೆ.

ಯಾಕೆ ಹಾಗೆಂದೆನೋ. ಬಾಯಿಂದ ಬಂತು.

8 ಮಾರ್ಚ್, ರವಿವಾರ. ಚಿಕ್ಕೋಡಿಯಿಂದ ಬಂದು

ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆಯಬೇಕು.

ಚಿಕ್ಕೋಡಿಯಲ್ಲಿ ಮದುವೆ. ಪಂಗತಿಯಲ್ಲಿ ಸುಂದ್ರವ್ವ ಎದುರಿಗೆ ಸಿಕ್ಕಳು. ಯಾರೋ ಮೊಮ್ಮಕ್ಕಳೆಷ್ಟು ಎಂದು ನನ್ನನ್ನು ಕೇಳಿದರು. ನಾನು ಸುಂದ್ರವ್ವನಿಗೆ ಕೇಳುವಂತೆ, "ನಮ್ಮ ಸೊಸಿ ಶಾಣ್ಯಾಕಿರಿ. ಈ ಸಲ ಪುಸ್ತಕಾ ಹಡಿತಾಳಂತ," ಎಂದೆ. ಪಂಗತಿಗೆ ಪಂಗತಿಯೇ ನಕ್ಕಿತು.

ಕೈ ತೊಳೆಯುವಲ್ಲಿ ಅವಳು ನನ್ನ ಮಣಿಕಟ್ಟು ಹಿಡಿದು ಅಡುಗೆಯವರ ಚಪ್ಪರದ ಹಿಂದೆ ಕರೆದೊಯ್ದಳು.

"ನಾಕ ಮಂದ್ಯಾಗ ನಗಬ್ಯಾಡ್ರಿ ಅಕ್ಕಾ. ನಿಮ್ಮ ಕಾಲ ಬೀಳತೀನಿ, ಕೇಳ್ರಿ. ಚಂದ್ರಾಗ ಸಣ್ಣಾಕಿದ್ದಾಗ ಕೀಲಜ್ವರಾ ಬಂದಿತ್ತ. ಎದಿಯಾಗಿನ ಪಡದಾ, ವಾಲ್ವ್ ಅಂತಾರಲ್ರಿ, ಅದು ಕೆಟ್ಟೈತಿ. ಮಿರಜದ ಡಾಕ್ಟರು ಹೇಳ್ಯಾರ — ಮೊದಲ ಆಪರೇಶನ್, ಆಮ್ಯಾಲ ಕೂಸ. ಹಂಗs ಬಸರಾದರ..."

"ಆದರ?"

"ಇಬ್ಬರೂ ಉಳಿಯೂದಿಲ್ಲಂದಾರ್ರಿ."

ಪಾರಿಸನಿಗೆ ಗೊತ್ತಂತೆ. ಆಪರೇಶನ್ನಿಗೆಂದೇ ಇಬ್ಬರೂ ದುಡಿಯುತ್ತಿರುವುದಂತೆ. ಮದುವೆ ಮುರಿದೀತೆಂದು ಇವರು ಮುಚ್ಚಿದರು. ನಾನು ಹುಡುಗಿಯನ್ನು ಹಂಗಿಸುತ್ತೇನೆಂದು ಅವನು ಮುಚ್ಚಿದ.

ಸುಂದ್ರವ್ವ ಅತ್ತಳು. "ನಮ್ಮ ತಪ್ಪ ಹೊಟ್ಟ್ಯಾಗ ಹಾಕ್ಕೋರಿ."

ಹಾಕಿಕೊಂಡೆ ಎಂದೆ. ಬೆನ್ನು ಸವರಿದೆ. ಅವಳ ಬೆನ್ನ ಮೇಲೆ ಇದೇ ಕೈ.

10 ಮಾರ್ಚ್. ಸಂಜೆ

ಟ್ರಂಕ್ ಕಾಲ್ ಬುಕ್ ಮಾಡಿಸಿದೆ. ನಾನಾಗಿ ಫೋನ್ ಮಾಡಿದ್ದು ಇದೇ ಮೊದಲು. ಯಾವಾಗಲೂ ಪಾರಿಸನೇ ಮಾಡುವುದು, ತಿಂಗಳಿಗೊಮ್ಮೆ, ರವಿವಾರ. ನಾಲ್ಕು ತಾಸಿಗೆ ಲೈನ್ ಸಿಕ್ಕಿತು. ಚಂದ್ರಮತಿಯೇ ಎತ್ತಿದಳು. ಕಾಲೇಜಿಗೆ ಹೊರಟಿದ್ದಳಂತೆ.

"ಅತ್ತಿ! ಆರಾಮ ಅದೀರಿಲ್ರಿ? ಏನಾತ್ರಿ?"

"ಏನೂ ಆಗಿಲ್ಲ. ಚಟ್ನಿ ಮುಟ್ಟಿತೇನು?"

"ಖಾಲೀನೂ ಆತ್ರಿ. ಶಾಲ್ಯಾಗಿನ ಟೀಚರು ಡಬ್ಬಿ ಕಸಗೊಂಡು ತಿಂದ್ರು."

ನಗು ಕೇಳಿಸಿತು. ನಡುವೆ ಸಮುದ್ರದಂಥ ಸದ್ದು. ನಾನು ಅಂದೆ, "ಆ ಗುಳಿಗಿ... ತಗೋಬ್ಯಾಡ. ಒಗದ ಬಿಡು."

ಅವಳು ಮೆಲ್ಲಗೆ, "ಬಿಡಾಕ ಬರೂದಿಲ್ರಿ ಅತ್ತಿ. ಶಕ್ತಿದು ಅವು. ಒಂದಿನಾನೂ ತಪ್ಪಿಸಿಲ್ರಿ. ನೀವs ಹೇಳಿ ಕಳಿಸಿದ್ರಂತಲ್ಲ, ಬಾಳಾಸಾಬ ಅಂದಾ."

ಆಗ ಹೇಳಬಹುದಿತ್ತು. ನಾನು ಬದಲಿಸಿದ್ದೇನೆ, ಅದು ನಿನ್ನ ಔಷಧಿಯಲ್ಲ. ಐದು ಶಬ್ದ. "ನಾನು" ಎಂಬಲ್ಲಿಗೆ ನಾಲಿಗೆ ನಿಂತಿತು. ಮೂರು ನಿಮಿಷ ಆಯಿತೆಂದು ಆಪರೇಟರ್ ಹುಡುಗಿ ನಡುವೆ ಬಂದಳು. ಲೈನ್ ಹೋಯಿತು.

11 ಮಾರ್ಚ್

ಕಾಗದ ಬರೆದೆ. ಎಲ್ಲ ಬರೆದೆ. ಏರ್‌ಮೇಲ್ ಲಕೋಟೆಯಲ್ಲಿ ಹಾಕಿ ಅಂಟಿಸಿದೆ. ಎರಡು ವಾರ ಹಿಡಿಯುತ್ತದೆ. ನಾಳೆ ಪೆಟ್ಟಿಗೆಗೆ ಹಾಕಿಸುತ್ತೇನೆ.

12 ಮಾರ್ಚ್

ಸತ್ತೆವ್ವನ ಕೈಗೆ ಕೊಟ್ಟೆ. ಅಂಗಳ ದಾಟುವಷ್ಟರಲ್ಲಿ ಮತ್ತೆ ಕರೆದೆ. ಪಾರಿಸ ಮೊದಲು ಓದಿದರೆ? ಮಗ ತಾಯಿಯ ಬಗ್ಗೆ ಇಂಥದ್ದನ್ನು ಓದಬೇಕೇ... ನಾನೇ ಹೋಗಿ ಹಾಕುತ್ತೇನೆ.

2 ಏಪ್ರಿಲ್

ಕಾಗದ ಬಾರಾಕ್ಷಾರದ ಡಬ್ಬಿಯೊಳಗೇ ಇದೆ.

ರವಿವಾರ ಫೋನ್ ಬರುತ್ತದೆ. ಆಗ ಹೇಳಿದರಾಯಿತು. ಹೇಳುವುದು ಏನೂ ಇಲ್ಲದಿರಬಹುದು. ಎಷ್ಟೋ ಮಂದಿಗೆ ನಾಲ್ಕಾರು ವರ್ಷ ನಿಲ್ಲುವುದಿಲ್ಲ. ಬಸದಿಯಲ್ಲಿ ಅದನ್ನೇ ಬೇಡಿಕೊಂಡು ಬಂದೆ. ನಿಲ್ಲದಿರಲಿ ಎಂದು. ನಾನು.

14 ಜೂನ್, ರವಿವಾರ

ನಿಂತಿದೆ. ಎರಡು ತಿಂಗಳು.

ಪಾರಿಸನ ದನಿ ಅವನದಿದ್ದಂತೆ ಇರಲಿಲ್ಲ. "ಅವ್ವಾ, ಅಕಿ ಗುಳಿಗಿ ತಪ್ಪಿಸ್ಯಾಳ. ಅಭ್ಯಾಸದ ಗದ್ದಲದಾಗ ಮರತಾಳ. ಕೇಳಿದರ ಇಲ್ಲಂತ ಆಣಿ ಮಾಡತಾಳ. ನಾ ಹ್ಯಾಂಗ ನಂಬಲಿ?"

ಹಿಂದೆ ಅವಳು ಏನೋ ಹೇಳುತ್ತಿದ್ದಳು. ಅಳು.

ತೆಗೆಸುವುದಕ್ಕೂ ಅವಳ ಎದೆ ತಡೆಯಲಾರದೆಂದು ಅಲ್ಲಿಯ ಡಾಕ್ಟರು ಹೆದರುತ್ತಾರಂತೆ. ಇಟ್ಟುಕೊಳ್ಳುವುದಕ್ಕೂ ಹೆದರುತ್ತಾರಂತೆ.

"ಅಕಿಗೆ ಬೈಬ್ಯಾಡ," ಎಂದೆ.

"ಮತ್ತ ಯಾರಿಗೆ ಬೈಲಿ?"

ಫೋನ್ ಇಟ್ಟೆ.

16 ಆಗಸ್ಟ್, ರವಿವಾರ

ಶಾಲೆ ಬಿಡಿಸಿದ್ದಾರೆ. ಕಾಲೇಜು ಅವಳೇ ಬಿಟ್ಟಿಲ್ಲ. ಮಂಚದ ಮೇಲೆ ಪುಸ್ತಕ ಇಟ್ಟುಕೊಂಡು ಓದುತ್ತಾಳಂತೆ. ಕಾಲು ಬಾತಿವೆ. ಅಂಗಾತ ಮಲಗಿದರೆ ಉಸಿರು ಕಟ್ಟುತ್ತದೆ, ದಿಂಬಿಗೆ ಒರಗಿ ಕೂತೇ ನಿದ್ದೆ. ಇವತ್ತು ಅವಳೇ ಮಾತಾಡಿದಳು. ಎರಡು ಶಬ್ದಕ್ಕೊಮ್ಮೆ ನಿಲ್ಲುತ್ತಾಳೆ.

"ಅತ್ತಿ... ನಾ ಮರತಿಲ್ರಿ. ಕ್ಯಾಲೆಂಡರದಾಗ ಗುರತ... ಮಾಡಿ ತಗೊಂಡೀನಿ. ನೀವರ ನಂಬತೀರಿಲ್ರಿ?"

"ನಂಬತೀನಿ," ಎಂದೆ.

ಅವಳಿಗೆ ಎಷ್ಟು ಸಮಾಧಾನವಾಯಿತೆಂದರೆ, "ನೀವೊಬ್ಬರs ನೋಡ್ರಿ," ಎಂದಳು. ಇನ್ನೂ ಗುಳಿಗೆ ಉಳಿದಿವೆಯಂತೆ. ಪಾರಿಸ ಒಗೆಯಲು ಹೋದರೆ ಬಿಟ್ಟಿಲ್ಲ. ಪರೀಕ್ಷೆ ಮಾಡಿಸಬೇಕು, ಔಷಧಿಯೇ ಖೋಟಾ ಇರಬೇಕು ಎನ್ನುತ್ತಾಳೆ. ಶಾಣ್ಯಾಕಿ. ನಾನೇ ಪಂಗತಿಯಲ್ಲಿ ಅಂದಿದ್ದೆ.

ಸತ್ತೆವ್ವ ಈಚೆಗೆ ಗುಳಿಗೆ ಕೇಳಲು ಬರುವುದಿಲ್ಲ. ಹಿತ್ತಲ ಬೂದಿ ಹೊಲಕ್ಕೆ ಹೊರುವುದು ಅವಳೇ. ಹೂತ ಗುಳಿಗೆ ಕಂಡಿರಬೇಕು. ನಾನು ಕೇಳಿಲ್ಲ, ಅವಳು ಹೇಳಿಲ್ಲ.

8 ಸೆಪ್ಟೆಂಬರ್, ಮಂಗಳವಾರ. ಬೆಳಿಗ್ಗೆ 11

ದಶಲಕ್ಷಣ ಪರ್ವ ಮುಗಿಯಿತು. ಹತ್ತು ದಿನ ಏಕಾಶನ, ದಿನಕ್ಕೆ ಒಂದೇ ಊಟ. ಇವತ್ತು ಕ್ಷಮಾವಣಿ. ಊರಿಗೆ ಊರೇ ಒಬ್ಬರಿಗೊಬ್ಬರು ಕ್ಷಮೆ ಬೇಡುವ ದಿನ.

ಮುಂಜಾನೆಯಿಂದ ಮಂದಿ. ವಖಾರಿನ ಹೆಂಗಸರು, ನೆರೆಯವರು. ಕೈ ಮುಗಿಯುತ್ತಾರೆ, ನಾನೂ ಮುಗಿಯುತ್ತೇನೆ. ಸತ್ತೆವ್ವ ನಮ್ಮವಳಲ್ಲ, ಆದರೂ ಪ್ರತಿವರ್ಷ ಬರುತ್ತಾಳೆ. ಇವತ್ತೂ ಬಂದಳು, ಕೈ ಮುಗಿಯಲಿಲ್ಲ. ಹೊಸ್ತಿಲಲ್ಲಿ ನಿಂತು, "ಸಣ್ಣ ವೈನಿಯವರಿಗೆ ಬರದ್ರಿ ಏನ್ರಿ?" ಎಂದು ಕೇಳಿ, ಗುಡಿಸಲು ಒಳಗೆ ಹೋದಳು.

ಪ್ರತಿವರ್ಷದಂತೆ ಕಾರ್ಡು ಅಚ್ಚು ಹಾಕಿಸಿದ್ದೇನೆ. ಅರವತ್ತು. ಐವತ್ತೊಂಬತ್ತಕ್ಕೆ ವಿಳಾಸ ಬರೆದಾಯಿತು. ಅದರಲ್ಲಿ ಸುಂದ್ರವ್ವನದೂ ಒಂದು. ಕೊನೆಯದು ಚಂದ್ರಮತಿಗೆ.

ಅಚ್ಚಿನ ಸಾಲು ಒಂದೇ: "ತಿಳಿದೋ ತಿಳಿಯದೆಯೋ ನಮ್ಮಿಂದ ಆದ ತಪ್ಪುಗಳಿಗೆ ಕ್ಷಮೆ ಇರಲಿ." ಮೂವತ್ತು ವರ್ಷ ಓದದೆಯೇ ಸಹಿ ಹಾಕಿದ್ದೇನೆ.

ಇವತ್ತು ಓದಿದೆ. "ತಿಳಿಯದೆಯೋ" ಎಂಬುದನ್ನು ಹೊಡೆದು ಹಾಕಿದೆ. "ನಮ್ಮಿಂದ" ಎಂಬುದನ್ನೂ ಹೊಡೆದು, ಮೇಲೆ "ನನ್ನಿಂದ" ಎಂದು ಬರೆದೆ. ಅಷ್ಟು ಬರೆಯಲು ಎಂಟು ತಿಂಗಳು ಬೇಕಾಯಿತು. ಡಬ್ಬಿಯಲ್ಲಿದ್ದ ಮಾರ್ಚಿನ ಲಕೋಟೆಯನ್ನೂ ತೆಗೆದಿಟ್ಟಿದ್ದೇನೆ. ಎರಡನ್ನೂ ಕೂಡಿಸಿ ಇವತ್ತೇ ನಾನೇ ಅಂಚೆ ಕಚೇರಿಗೆ ನಡೆಯುತ್ತೇನೆ. ಪಾರಿಸ ಓದಲಿ. ಮೊದಲು ಅವನೇ ಓದಲಿ. ಹುಡುಗಿ ಆಣೆ ಮಾಡಿದ್ದು ಖರೆ ಎಂದು ಅವನು ಅವಳೆದುರು ಕೂತು

ಪಡಸಾಲೆಯಲ್ಲಿ ಫೋನ್. ಉದ್ದ ಗಂಟೆ, ಟ್ರಂಕ್ ಕಾಲೇ. ಸತ್ತೆವ್ವ ಎತ್ತಿದ್ದಾಳೆ. "ಸಾವಕಾರ್ರ, ಹ್ಯಾಂಗ ಅದಾರ್ರಿ ವೈನಿ?" ಎಂದಳು. ಆಮೇಲೆ, "ಅಯ್ಯ ಯವ್ವಾ!" ಕಸಬರಿಗೆ ಕೆಳಗಿಟ್ಟ ಸದ್ದು.

ಪಾರಿಸ ರವಿವಾರ ಮಾಡುವವ. ಇವತ್ತು ಮಂಗಳವಾರ.

ಕರೆಯುತ್ತಿದ್ದಾಳೆ. ಹೋಗುತ್ತೇನೆ. ಕಾರ್ಡಿಗೆ ಸಹಿ ಇನ್ನೂ